ನಸುಕಿನ 4ಕ್ಕೆ ಹೊರಡಬೇಡಿ: ಕಬ್ಬಿನ ಹಂಗಾಮಿನಲ್ಲಿ ಬೈಕ್ ಪ್ರವಾಸ

ಪ್ರಶ್ನೆ: ನಾನು ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನವನು. ದ್ರಾಕ್ಷಿ ತೋಟ ಇದೆ. ಈ ವರ್ಷ 2019ರ ಮಾಡೆಲ್ಲಿನ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಸೆಕೆಂಡ್ ಹ್ಯಾಂಡ್ ತಗೊಂಡಿದ್ದೇನೆ. ಡಿಸೆಂಬರ್ ಕೊನೆಗೆ ತೋಟವನ್ನು ತಮ್ಮನಿಗೆ ಒಪ್ಪಿಸಿ, ಹೆಂಡತಿಯನ್ನು ಕರೆದುಕೊಂಡು ಮಹಾಬಳೇಶ್ವರಕ್ಕೆ ಹೋಗಬೇಕು ಅಂತಿದ್ದೇನೆ. ನಸುಕಿನ 4 ಗಂಟೆಗೆ ಹೊರಟರೆ ರಸ್ತೆ ಖಾಲಿ ಸಿಗುತ್ತದೆ ಅನ್ನೋ ಲೆಕ್ಕ. ಚಳಿ ಶುರುವಾದಾಗಿನಿಂದ ಬೆಳಿಗ್ಗೆ ಬೈಕ್ ಸ್ಟಾರ್ಟ್ ಆಗಲು ಸತಾಯಿಸುತ್ತಿದೆ. ತೆಳು ಆಯಿಲ್ ಹಾಕಿಸಬೇಕಾ? ಹತ್ತು ನಿಮಿಷ ಇಂಜಿನ್ ಬಿಸಿ ಮಾಡಬೇಕಾ? ಗ್ರಿಪ್ ಸಿಗಲಿ ಅಂತ ಟಯರಿನ ಗಾಳಿ ಇಳಿಸಬೇಕಾ? ಬಂದ ಮೇಲೆ ದ್ರಾಕ್ಷಿ ಕಟಾವು ಶುರುವಾದರೆ ಬೈಕ್ ವಾರಗಟ್ಟಲೆ ನಿಂತೇ ಇರುತ್ತದೆ. ಆಗ ಏನು ಮಾಡಬೇಕು?

ಉತ್ತರ: ನೀವು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತೇನೆ. ಆದರೆ ಮೊದಲು ನೀವು ಕೇಳದೇ ಇರುವುದನ್ನು ಹೇಳಬೇಕು. ನಸುಕಿನ 4 ಗಂಟೆಗೆ ಹೊರಡಬೇಡಿ. ಆಯಿಲ್, ಟಯರು, ಬ್ಯಾಟರಿ ಎಲ್ಲವನ್ನೂ ಸರಿ ಮಾಡಿಸಿ ಆ ಹೊತ್ತಿಗೆ ಹೊರಟರೂ ನೀವು ಸುರಕ್ಷಿತರಲ್ಲ. ಇದೊಂದನ್ನು ಕೇಳಿದರೆ ಉಳಿದದ್ದರಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆದರೂ ನಡೆಯುತ್ತದೆ.

ರಸ್ತೆ ಖಾಲಿ ಇರುತ್ತದೆ ಅಂದಿರಿ. ಬೇರೆ ತಿಂಗಳಲ್ಲಾದರೆ ಇರಬಹುದು. ಆದರೆ ಸಾಂಗಲಿ, ಕೊಲ್ಹಾಪುರ, ಸೊಲ್ಲಾಪುರದ ಕಡೆ ದೀಪಾವಳಿ ಆಸುಪಾಸಿನಿಂದ ಫೆಬ್ರವರಿ, ಮಾರ್ಚ್‌ವರೆಗೂ ಕಬ್ಬು ನುರಿಸುವ ಹಂಗಾಮು. ಕಾರ್ಖಾನೆ ಹಗಲು ರಾತ್ರಿ ನಡೆಯುತ್ತದೆ. ಅದಕ್ಕೆ ಕಬ್ಬೂ ಹಗಲು ರಾತ್ರಿ ಬರಬೇಕು. ಸಂಜೆ ತುಂಬಿದ ಟ್ರಾಲಿಗಳು ರಾತ್ರಿಯಿಡೀ ರಸ್ತೆಯ ಮೇಲೆಯೇ ಇರುತ್ತವೆ. ನಸುಕಿನಲ್ಲಿ ಎತ್ತಿನ ಗಾಡಿಗಳೂ ಸೇರಿಕೊಳ್ಳುತ್ತವೆ. ಅಂದರೆ 4 ಗಂಟೆಗೆ ರಸ್ತೆ ಖಾಲಿ ಇರುವುದಿಲ್ಲ, ಖಾಲಿ ಇರುವಂತೆ ಕಾಣುತ್ತದೆ ಅಷ್ಟೇ.

ಯಾಕೆ ಕಾಣುವುದಿಲ್ಲ ಅಂತ ನೋಡಿ. ಟ್ರಾಲಿಗಿಂತ ಅಗಲವಾಗಿ ಕಬ್ಬು ಹೇರಿರುತ್ತಾರೆ. ಹಿಂದೆ ತುದಿಗಳು ಹೊರಚಾಚಿ ಜೋತು ಬಿದ್ದಿರುತ್ತವೆ. ಟೇಲ್ ಲ್ಯಾಂಪ್, ರಿಫ್ಲೆಕ್ಟರ್ ಇದ್ದರೂ ಅದರ ಒಳಗೆ ಮುಚ್ಚಿಹೋಗುತ್ತವೆ. ಎಷ್ಟೋ ಟ್ರಾಲಿಗಳಿಗೆ ಅವು ಇರುವುದೇ ಇಲ್ಲ. ಒಣಗಿದ ಕಬ್ಬಿನ ಬಣ್ಣ ಕತ್ತಲಲ್ಲಿ ರಸ್ತೆಯ ಬಣ್ಣಕ್ಕೇ ಸೇರಿಹೋಗುತ್ತದೆ. ಅದು 15–20 ಕಿ.ಮೀ. ವೇಗದಲ್ಲಿ ಹೋಗುತ್ತಿರುತ್ತದೆ, ನೀವು 70–80ರಲ್ಲಿ ಹಿಂದಿನಿಂದ ಬರುತ್ತೀರಿ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಲೋ ಬೀಮಿನಲ್ಲಿ ದೀಪವಿಲ್ಲದ ಒಂದು ವಸ್ತು ಸರಿಯಾಗಿ ಗುರುತಾಗುವುದು ಹೆಚ್ಚೆಂದರೆ 40–50 ಮೀಟರಿನಲ್ಲಿ. ಗಂಟೆಗೆ 80 ಕಿ.ಮೀ. ಅಂದರೆ ಸೆಕೆಂಡಿಗೆ 22 ಮೀಟರ್. ಕಣ್ಣಿಗೆ ಬಿದ್ದು, ಮನಸ್ಸಿಗೆ ತಿಳಿದು, ಬೆರಳು ಬ್ರೇಕ್ ಹಿಡಿಯುವ ಹೊತ್ತಿಗೆ ಒಂದೂವರೆ ಸೆಕೆಂಡ್ ಆಗುತ್ತದೆ. ಅಷ್ಟರಲ್ಲೇ 33 ಮೀಟರ್ ಮುಗಿಯಿತು. ಒಣ ಡಾಂಬರಿನ ಮೇಲೆ ಚೆನ್ನಾಗಿ ಬ್ರೇಕ್ ಹಾಕಿದರೂ ನಿಲ್ಲಲು ಇನ್ನೂ 40 ಮೀಟರ್ ಬೇಕು. ಒಟ್ಟು 70 ದಾಟಿತು. ಕಂಡದ್ದು 50ರಲ್ಲಿ. ಅದೇ ಲೆಕ್ಕವನ್ನು 50 ಕಿ.ಮೀ. ವೇಗಕ್ಕೆ ಹಾಕಿದರೆ ಒಟ್ಟು 37 ಮೀಟರ್ ಸುಮಾರಿಗೆ ನಿಲ್ಲುತ್ತೀರಿ. ಅದಕ್ಕೇ ಕತ್ತಲಲ್ಲಿ ಅನಿವಾರ್ಯವಾಗಿ ಓಡಿಸಬೇಕಾಗಿ ಬಂದರೆ 50 ದಾಟಬೇಡಿ. ಎದುರಿನವರ ಹೈ ಬೀಮ್ ಕಣ್ಣಿಗೆ ಹೊಡೆಯುವಾಗ ಅದೂ ಜಾಸ್ತಿಯೇ.

ಡಬಲ್ ಟ್ರಾಲಿ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಕ್ರಾಸಿನಲ್ಲಿ ಟ್ರ್ಯಾಕ್ಟರ್ ರಸ್ತೆ ದಾಟುತ್ತದೆ, ಅದರ ದೀಪ ಆಚೆ ಹೋಗುತ್ತದೆ. ಗಾಡಿ ದಾಟಿತು ಅಂದುಕೊಂಡು ನೀವು ಎಕ್ಸಿಲೇಟರ್ ಕೊಡುತ್ತೀರಿ. ಆದರೆ ಆ ದೀಪದ ಹಿಂದೆ ಎರಡು ಟ್ರಾಲಿಗಳು ಇನ್ನೂ ರಸ್ತೆಯ ಅಡ್ಡಕ್ಕೇ ಇರುತ್ತವೆ. ಅಕ್ಕಪಕ್ಕದಿಂದ ನೋಡಿದರೆ ಅವುಗಳಿಗೆ ಒಂದು ದೀಪವೂ ಇರುವುದಿಲ್ಲ. ಹಂಗಾಮಿನಲ್ಲಿ ಟ್ರ್ಯಾಕ್ಟರಿನ ದೀಪ ಅಡ್ಡ ದಾಟುವುದನ್ನು ಕಂಡರೆ, ಅದರ ಹಿಂದೆ ಇನ್ನೂ ಎರಡು ಗಾಡಿ ಇವೆ ಅಂತಲೇ ತಿಳಿದು ನಿಲ್ಲಿ. ಓವರ್‌ಟೇಕ್ ಮಾಡುವಾಗಲೂ ಇದೇ ಮಾತು. ಹಿಂದಿನಿಂದ ಕಾಣುವುದು ಒಂದೇ ಟ್ರಾಲಿ, ದಾಟಬೇಕಾದದ್ದು ಎರಡು ಟ್ರಾಲಿ ಮತ್ತು ಟ್ರ್ಯಾಕ್ಟರ್. ಚಾಲಕ ಜೋರಾಗಿ ಹಾಡು ಹಾಕಿಕೊಂಡಿದ್ದರೆ ನಿಮ್ಮ ಹಾರ್ನ್ ಅವನಿಗೆ ಕೇಳುವುದಿಲ್ಲ. ಅವನ ಕನ್ನಡಿಗೂ ಕಬ್ಬು ಅಡ್ಡ.

ಕೆಟ್ಟು ನಿಂತ ಟ್ರಾಲಿ ಇನ್ನೂ ಅಪಾಯ. ಸುತ್ತ ಕಲ್ಲು ಇಟ್ಟಿರುತ್ತಾರೆ. ಟ್ರಾಲಿ ಹೋದ ಮೇಲೆ ಕಲ್ಲು ಅಲ್ಲೇ ಉಳಿಯುತ್ತದೆ. ಬಿದ್ದ ಕಬ್ಬಿನ ತುಂಡು ಬೇರೆ. ಅದರ ಮೇಲೆ ಮುಂದಿನ ಚಕ್ರ ಓರೆಯಾಗಿ ಹತ್ತಿದರೆ ಲಟ್ಟಣಿಗೆಯ ಮೇಲೆ ಕಾಲಿಟ್ಟ ಹಾಗೆ. ಹೊಲದಿಂದ ಟ್ರಾಲಿ ರಸ್ತೆಗೆ ಏರುವ ಜಾಗಗಳನ್ನೂ ಗಮನಿಸಿ. ನೀರು ಬಿಟ್ಟ ಹೊಲದ ಎರೆಮಣ್ಣು ಗಾಲಿಗೆ ಮೆತ್ತಿಕೊಂಡು ಬಂದು ಡಾಂಬರಿನ ಮೇಲೆ ಪದರವಾಗಿ ಕೂತಿರುತ್ತದೆ. ಹಗಲಲ್ಲಿ ಅದು ಒಣ ಹೆಂಟೆ. ರಾತ್ರಿ ಇಬ್ಬನಿ ಬಿದ್ದರೆ ಬೆಳಿಗ್ಗೆ ಅದೇ ಜಾರುಬಂಡೆ. ಅಲ್ಲಿ ಬ್ರೇಕ್ ಮುಟ್ಟದೆ, ಗಾಡಿ ನೆಟ್ಟಗೆ ಇಟ್ಟುಕೊಂಡು, ಎಕ್ಸಿಲೇಟರ್ ಅಲುಗಾಡಿಸದೆ ದಾಟಬೇಕು. ನಿಮ್ಮ ಬೈಕಿಗೆ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ವ್ಯವಸ್ಥೆ) ಇದ್ದರೂ ಓರೆಯಾಗಿ ವಾಲಿದ ಗಾಡಿಯನ್ನು ಅದು ಕಾಪಾಡುವುದಿಲ್ಲ.

ತೊಗರಿ ರಾಶಿಯ ಕಾಲವೂ ಇದೇ. ಡಿಸೆಂಬರ್, ಜನವರಿಯಲ್ಲಿ ಹಳ್ಳಿಯ ರಸ್ತೆಗಳ ಮೇಲೆ ತೊಗರಿ ಕಟ್ಟಿಗೆ ಹರಡಿರುತ್ತಾರೆ. ಬೈಕಿನವರು ನಿಧಾನ ಮಾಡಿ, ಅದನ್ನು ಬಿಟ್ಟು ಖಾಲಿ ಬದಿಯಲ್ಲಿ ಹೋಗುವುದೇ ಸರಿ. ಕಾಳಿನ ಮೇಲೆ ಟಯರಿಗೆ ಹಿಡಿತವೇ ಸಿಗದು.

ಹಾಗಾದರೆ ಯಾವಾಗ ಹೊರಡಬೇಕು? ಡಿಸೆಂಬರ್ ಕೊನೆಗೆ ನಿಮ್ಮ ಕಡೆ ಸೂರ್ಯ ಹುಟ್ಟುವುದೇ 7 ಗಂಟೆ ಸುಮಾರಿಗೆ. ಬಿಸಿ ಚಹಾ ಕುಡಿದು, ಏನಾದರೂ ತಿಂದು, ಏಳೂಕಾಲು ಏಳೂವರೆಗೆ ಹೊರಡಿ. ಜತ್ತದಿಂದ ಕವಠೆ ಮಹಾಂಕಾಳ, ಮಿರಜ, ಸಾಂಗಲಿ, ಕರಾಡ, ಸಾತಾರಾ, ಆಮೇಲೆ ಮೇಢಾ ದಾಟಿ ಘಾಟ್ ಹತ್ತಿದರೆ 250 ಕಿ.ಮೀ.ಗೆ ಸ್ವಲ್ಪ ಹೆಚ್ಚು ದಾರಿ. ನಿಂತು ನಿಂತು ಹೋದರೂ ಮಧ್ಯಾಹ್ನ 3ರ ಒಳಗೆ ಮೇಲಿರುತ್ತೀರಿ. ವಾಪಸ್ ಬರುವಾಗ ಸಂಜೆ 6ಕ್ಕೆ ಕತ್ತಲಾಗುತ್ತದೆ ಅನ್ನೋ ಲೆಕ್ಕವಿಟ್ಟು ಬೆಳಿಗ್ಗೆ ಒಂಬತ್ತಕ್ಕೇ ಅಲ್ಲಿಂದ ಬಿಡಿ.

ಬೆಳಕಾದ ಮೇಲೂ ಒಂದು ವಿಷಯ ನೆನಪಿರಲಿ. ಹೋಗುವಾಗ ನೀವು ಹೆಚ್ಚು ಪಾಲು ಪಶ್ಚಿಮಕ್ಕೆ ಮುಖ ಮಾಡಿರುತ್ತೀರಿ. ಸೂರ್ಯ ಬೆನ್ನಿಗೆ ಇರುವುದರಿಂದ ನಿಮಗೆ ರಸ್ತೆ ಚೆನ್ನಾಗಿ ಕಾಣುತ್ತದೆ. ಆದರೆ ಎದುರಿನಿಂದ ಬರುವವನ ಕಣ್ಣಿಗೆ ಸೂರ್ಯ ನೇರ ಹೊಡೆಯುತ್ತಿರುತ್ತದೆ. ಅವನಿಗೆ ನೀವು ಕಾಣುತ್ತಿಲ್ಲ. ಚಳಿಗಾಲದ ಬಿಸಿಲು ತುಂಬಾ ಹೊತ್ತು ಕೆಳಗೇ ಇರುತ್ತದೆ. ನಿಮ್ಮ ನೆರಳು ಮುಂದೆ ಉದ್ದಕ್ಕೆ ಬೀಳುತ್ತಿದ್ದರೆ, ಎದುರಿನವನು ಓವರ್‌ಟೇಕ್‌ಗೆ ಹೊರಬರಬಹುದು ಅಂತ ಎಡಕ್ಕೆ ಇರಿ.

ಇನ್ನು ಮಂಜು. ತಣ್ಣನೆ ಗಾಳಿ ಭಾರ, ಅದು ತಗ್ಗಿಗೆ ಇಳಿದು ನಿಲ್ಲುತ್ತದೆ. ಹಾಗಾಗಿ ಹಳ್ಳ, ಕಾಲುವೆ, ಕೃಷ್ಣಾ ನದಿಯ ಸೇತುವೆ ಹತ್ತಿರ ಒಮ್ಮೆಲೆ ಚಳಿ ಹೆಚ್ಚಾಗುತ್ತದೆ, ಮಂಜೂ ಅಲ್ಲೇ ದಟ್ಟವಾಗಿರುತ್ತದೆ. ಮುಖಕ್ಕೆ ತಣ್ಣನೆ ಗಾಳಿ ಹೊಡೆದರೆ ಮುಂದೆ ಮಂಜಿದೆ ಅನ್ನೋ ಸೂಚನೆ, ವೇಗ ಇಳಿಸಿ. ಮಂಜಿನಲ್ಲಿ ಹೈ ಬೀಮ್ ಹಾಕಬೇಡಿ. ಬೆಳಕು ನೀರಿನ ಕಣಗಳಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಲೋ ಬೀಮ್ ಸಾಕು. ಎಡಗಡೆಯ ಬಿಳಿ ಗೆರೆಯನ್ನು ಹಿಡಿದು ಹೋಗಿ. ನಿಲ್ಲಬೇಕಾದರೆ ರಸ್ತೆಯಿಂದ ಪೂರ್ತಿ ಕೆಳಗೆ ಇಳಿದು ನಿಲ್ಲಿ.

ಹೆಡ್‌ಲೈಟನ್ನು ಹೊರಡುವ ಹಿಂದಿನ ದಿನವೇ ಸರಿ ಮಾಡಿಕೊಳ್ಳಿ. ಹಿಂದೆ ಹೆಂಡತಿ, ಪಕ್ಕದಲ್ಲಿ ಬ್ಯಾಗು ಅಂದರೆ ಬೈಕಿನ ಹಿಂಭಾಗ ಕೂರುತ್ತದೆ, ಮೂತಿ ಮೇಲೇಳುತ್ತದೆ. ಆಗ ನಿಮ್ಮ ಬೆಳಕು ಗಿಡದ ತುದಿಗೆ ಬೀಳುತ್ತದೆ, ಎದುರಿನವನ ಕಣ್ಣು ಕುಕ್ಕುತ್ತದೆ. ಹಿಂದಿನ ಶಾಕ್ ಅಬ್ಸಾರ್ಬರಿನ ಪ್ರೀಲೋಡ್ (ಸ್ಪ್ರಿಂಗಿನ ಬಿಗಿ) ಹೆಚ್ಚಿಸಿ. ಆಮೇಲೆ ಇಬ್ಬರೂ ಕೂತು, ಸಾಮಾನು ಕಟ್ಟಿಕೊಂಡು, ಗೋಡೆಯ ಮೇಲೆ ಬೆಳಕು ಎಲ್ಲಿ ಬೀಳುತ್ತದೆ ನೋಡಿ ಹೆಡ್‌ಲೈಟ್ ಇಳಿಸಿ. ಐದು ನಿಮಿಷದ ಕೆಲಸ. ನನ್ನ ಗ್ಯಾರೇಜಿಗೆ ಟೂರಿಗೆ ಮುಂಚೆ ಬರುವವರಲ್ಲಿ ಇದನ್ನು ಕೇಳಿ ಮಾಡಿಸಿಕೊಳ್ಳುವವರು ಬಹಳ ಕಡಿಮೆ. ಎಲ್ಲರೂ ಕೇಳುವುದು ಎಕ್ಸ್‌ಟ್ರಾ ಎಲ್‌ಇಡಿ. ಹಾಕಲೇಬೇಕೆಂದರೆ ಹಳದಿ ಬೆಳಕಿನದು ಹಾಕಿಸಿ, ರಿಲೇ ಕೊಡಿಸಿ, ಕೆಳಗೆ ಮುಖ ಮಾಡಿಸಿ. ಹಿಂದೆ ಬ್ಯಾಗಿನ ಮೇಲೆ ನಾಲ್ಕು ಬೆರಳು ಅಗಲದ ರಿಫ್ಲೆಕ್ಟರ್ ಪಟ್ಟಿ ಅಂಟಿಸಿ. ಅದು ಎಲ್‌ಇಡಿಗಿಂತ ಅಗ್ಗ, ಅದಕ್ಕಿಂತ ಉಪಯೋಗ ಜಾಸ್ತಿ.

ಈಗ ಚಳಿಯ ವಿಷಯ. 10 ಡಿಗ್ರಿ ಇರುವಾಗ 80 ಕಿ.ಮೀ. ವೇಗದಲ್ಲಿ ಹೋದರೆ ಬರಿ ಚರ್ಮಕ್ಕೆ 4 ಡಿಗ್ರಿ ಇದ್ದಂತೆ ಅನ್ನಿಸುತ್ತದೆ. ಮೊದಲು ಸೋಲುವುದು ಬೆರಳು. ಬೆರಳು ಮರಗಟ್ಟಿದರೆ ಬ್ರೇಕ್ ಎಷ್ಟು ಒತ್ತಿದ್ದೇವೆ ಅನ್ನೋ ಅಂದಾಜೇ ಸಿಗುವುದಿಲ್ಲ. ಮೇಲೆ ಹೇಳಿದ ಒಂದೂವರೆ ಸೆಕೆಂಡ್ ಅಲ್ಲಿಗೆ ಎರಡಾಗುತ್ತದೆ. ಹಾಗಾಗಿ ಚಳಿ ತಡೆಯುವುದು ಸುಖದ ಮಾತಲ್ಲ, ಬ್ರೇಕಿನ ಮಾತು.

ದಪ್ಪ ಸ್ವೆಟರ್ ಎರಡು ಹಾಕಿದರೂ ಗಾಳಿ ತೂರಿ ಬಂದರೆ ಪ್ರಯೋಜನ ಇಲ್ಲ. ಗಾಳಿ ತಡೆಯುವ ಪದರ ಎಲ್ಲಕ್ಕಿಂತ ಹೊರಗೆ ಇರಬೇಕು. ಒಳಗೆ ಮೈಗಂಟುವ ಥರ್ಮಲ್, ಮೇಲೆ ಒಂದು ಸ್ವೆಟರ್, ಅದರ ಮೇಲೆ ರೈಡಿಂಗ್ ಜಾಕೆಟ್. ಜಾಕೆಟ್ ಜಾಲರಿಯದ್ದಾದರೆ ಅದರ ಮೇಲೆ ಮಳೆಗಾಲದ ರೇನ್‌ಕೋಟ್ ಹಾಕಿ, ಸಾಕು. ಹೊಸದು ಕೊಳ್ಳುವ ಅಗತ್ಯವಿಲ್ಲ. ಕೈಗೆ ಒಳಗೊಂದು ತೆಳು ಗ್ಲೌಸ್, ಮೇಲೊಂದು ಸ್ವಲ್ಪ ಸಡಿಲ ಗ್ಲೌಸ್. ಬಿಗಿ ಗ್ಲೌಸಿನಲ್ಲಿ ರಕ್ತ ಓಡಾಡದೆ ಬೆರಳು ಇನ್ನೂ ಬೇಗ ಮರಗಟ್ಟುತ್ತದೆ. ಹಿಮಾಲಯನ್‌ಗೆ ಹ್ಯಾಂಡ್ ಗಾರ್ಡ್ ಹಾಕಿಸಿದರೆ ಗಾಳಿ ಅರ್ಧ ಅಲ್ಲೇ ನಿಲ್ಲುತ್ತದೆ.

ನಮ್ಮ ಕಡೆ ಚಳಿ ಅಂದ ಕೂಡಲೇ ಮಂಕಿ ಕ್ಯಾಪ್ ಹಾಕಿ ಅದರ ಮೇಲೆ ಹೆಲ್ಮೆಟ್ ಏರಿಸುತ್ತಾರೆ. ದಪ್ಪ ಉಣ್ಣೆಯ ಟೋಪಿ ಒಳಗಿದ್ದರೆ ಹೆಲ್ಮೆಟ್ ತಲೆಗೆ ಸರಿಯಾಗಿ ಕೂರುವುದಿಲ್ಲ, ಬಿದ್ದಾಗ ತಿರುಗಿ ಕಳಚುತ್ತದೆ. ತಲೆ, ಮುಖ ಮುಚ್ಚುವ ತೆಳುವಾದ ಬಾಲಾಕ್ಲಾವಾ ಸಿಗುತ್ತದೆ, ಅದನ್ನು ಹಾಕಿ. ಉದ್ದ ಮಫ್ಲರ್, ಶಾಲು, ಸೆರಗು, ದುಪಟ್ಟಾ ಯಾವುದೂ ಜೋತು ಬೀಳಬಾರದು. ಚೈನಿಗೆ, ಹಿಂದಿನ ಚಕ್ರಕ್ಕೆ ಸಿಕ್ಕಿದರೆ ಕ್ಷಣದಲ್ಲಿ ಕುತ್ತಿಗೆಗೇ ಬರುತ್ತದೆ. ಕೊರಳಿಗೆ ಕೊಳವೆಯಂಥ ಬಫ್ ಸಾಕು.

ನಿಮ್ಮ ಹೆಂಡತಿಯ ಬಗ್ಗೆ ಇನ್ನೂ ಹೆಚ್ಚು ಗಮನ ಬೇಕು. ಓಡಿಸುವವನ ಮೈ ಅಲುಗಾಡುತ್ತಾ ಇರುತ್ತದೆ. ಹಿಂದೆ ಕೂತವರು ಸುಮ್ನೆ ಕೂತಿರುತ್ತಾರೆ, ಬೇಗ ತಣ್ಣಗಾಗುತ್ತಾರೆ, ಆದರೆ ಹೇಳುವುದಿಲ್ಲ. ಅವರಿಗೂ ಅದೇ ದರ್ಜೆಯ ಹೆಲ್ಮೆಟ್, ಜಾಕೆಟ್, ಗ್ಲೌಸ್, ಬೂಟು ಕೊಡಿಸಿ. ಮುಕ್ಕಾಲು ಗಂಟೆಗೊಮ್ಮೆ ನಿಲ್ಲಿಸಿ ಇಳಿಸಿ, ಓಡಾಡಿಸಿ. ನಡುಕ ನಿಲ್ಲದೇ ಇದ್ದರೆ, ಮಾತು ತೊದಲಿದರೆ, ಬಟನ್ ಹಾಕಲೂ ಬೆರಳು ಬಾರದಿದ್ದರೆ ಅಲ್ಲಿಗೆ ಸವಾರಿ ನಿಲ್ಲಿಸಬೇಕು. ಒಳಗೆ ಹೋಗಿ ಕೂತು ಬಿಸಿ ಬಿಸಿ ಕುಡಿದು, ಮೈ ಪೂರ್ತಿ ಬೆಚ್ಚಗಾದ ಮೇಲೆಯೇ ಮುಂದಿನ ಮಾತು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿ. ಹೊಟ್ಟೆ ಖಾಲಿ ಇದ್ದರೆ ಯಾವ ಜಾಕೆಟ್ಟೂ ಮೈ ಬೆಚ್ಚಗಿಡುವುದಿಲ್ಲ.

ವೈಸರ್‌ಗೆ ಉಸಿರಿನ ಮಂಜು ಕಟ್ಟುವುದಕ್ಕೆ ಪಿನ್‌ಲಾಕ್ ಅನ್ನುವ ಒಳಪದರ ಒಳ್ಳೆಯ ಉಪಾಯ. ಅದಿಲ್ಲದಿದ್ದರೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಒಳಗೆ ಸವರಿ, ಒಣ ಮೆತ್ತನೆ ಬಟ್ಟೆಯಿಂದ ಪೂರ್ತಿ ಒರೆಸಿ. ಕಪ್ಪು ಟಿಂಟೆಡ್ ವೈಸರ್ ಮನೆಯಲ್ಲೇ ಬಿಡಿ.

ಇನ್ನು ನಿಮ್ಮ ಪ್ರಶ್ನೆಗಳಿಗೆ ಬರುತ್ತೇನೆ. ಆಯಿಲ್ ಬದಲಿಸಬೇಕಾಗಿಲ್ಲ. ನಿಮ್ಮ ಬೈಕಿಗೆ ಕಂಪನಿ ಹೇಳಿರುವುದು 15ಡಬ್ಲ್ಯು-50. ಇದರಲ್ಲಿ ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಹೇಗೆ ಹರಿಯುತ್ತದೆ ಅನ್ನುವುದಕ್ಕೆ. 15ಡಬ್ಲ್ಯು ದರ್ಜೆಯನ್ನು ಪರೀಕ್ಷೆ ಮಾಡುವುದೇ ಸೊನ್ನೆಗಿಂತ 20 ಡಿಗ್ರಿ ಕೆಳಗೆ. ಜತ್ತದ 10 ಡಿಗ್ರಿ ಅದಕ್ಕೆ ಲೆಕ್ಕವೇ ಅಲ್ಲ. ಆದರೆ ಸೆಕೆಂಡ್ ಹ್ಯಾಂಡ್ ಗಾಡಿ ಅಂದಿರಿ. ಹಿಂದಿನವರು ಯಾವ ಆಯಿಲ್ ಹಾಕಿದ್ದರೋ, ಯಾವಾಗ ಹಾಕಿದ್ದರೋ ನಿಮಗೆ ಗೊತ್ತಿಲ್ಲ. ಹಾಗಾಗಿ ಒಮ್ಮೆ ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿ, ಅದೇ ಗ್ರೇಡಿನದು ಹಾಕಿಸಿ. ಡಬ್ಬದ ಮೇಲೆ ಜಾಸೋ ಎಂಎ ಅಥವಾ ಎಂಎ2 ಅಂತ ಇರಬೇಕು. ಕಾರಿನ ಆಯಿಲ್ ಬೇಡ, ಕ್ಲಚ್ ಪ್ಲೇಟು ಜಾರುತ್ತದೆ.

ಹಾಗಾದರೆ ಸ್ಟಾರ್ಟ್ ಯಾಕೆ ಆಗುತ್ತಿಲ್ಲ? ಫ್ಯೂಯಲ್ ಇಂಜೆಕ್ಷನ್ ಇರುವ ಗಾಡಿ ಇಷ್ಟು ಚಳಿಗೆ ಸತಾಯಿಸಬಾರದು. ಚಳಿ ಇಲ್ಲಿ ಕಾರಣ ಅಲ್ಲ, ಮೊದಲೇ ಇದ್ದ ದೋಷವನ್ನು ತೋರಿಸುತ್ತಿದೆ ಅಷ್ಟೇ. ಮೊದಲ ಅನುಮಾನ ಬ್ಯಾಟರಿ. ಚಳಿಗೆ ಬ್ಯಾಟರಿಯ ತಾಕತ್ತು ಕಡಿಮೆಯಾಗುತ್ತದೆ. ಹೊಸದಾದರೆ ಗೊತ್ತಾಗುವುದಿಲ್ಲ, ಹಳೆಯದಾದರೆ ಬಿದ್ದುಹೋಗುತ್ತದೆ. ಒಂದು ಮಲ್ಟಿಮೀಟರ್ ತಗೊಳ್ಳಿ, ಸ್ಪ್ರೇ ಪಂಪಿನ ಮೋಟರಿಗೂ ಬೇಕಾಗುತ್ತದೆ. ರಾತ್ರಿಯಿಡೀ ನಿಂತ ಬೈಕಿನಲ್ಲಿ ಬೆಳಿಗ್ಗೆ ಬ್ಯಾಟರಿ 12.6 ವೋಲ್ಟಿಗಿಂತ ಮೇಲಿದ್ದರೆ ಚೆನ್ನಾಗಿದೆ. 12.4ಕ್ಕೆ ಇಳಿದಿದ್ದರೆ ಚಾರ್ಜ್ ಬೇಕು. ಸೆಲ್ಫ್ ಒತ್ತಿದಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಮುಗಿದಿದೆ, ಅದನ್ನೇ ನಂಬಿ ಘಾಟ್ ಹತ್ತಬೇಡಿ. ಇಂಜಿನ್ ಓಡುವಾಗ ಸ್ವಲ್ಪ ರೇಸ್ ಮಾಡಿದರೆ 13.8ರಿಂದ 14.5ರೊಳಗೆ ತೋರಿಸಬೇಕು. ಅದು ಇಲ್ಲದಿದ್ದರೆ ತೊಂದರೆ ಚಾರ್ಜಿಂಗಿನಲ್ಲಿ, ಹೊಸ ಬ್ಯಾಟರಿ ಹಾಕಿದರೂ ಅದೂ ಸಾಯುತ್ತದೆ. ಹಿಂದಿನವರು ಕೂರಿಸಿದ ಜಿಪಿಎಸ್, ಅಲಾರ್ಮ್, ಮೊಬೈಲ್ ಚಾರ್ಜರ್ ರಾತ್ರಿಯೆಲ್ಲ ಕರೆಂಟ್ ಕುಡಿಯುತ್ತಿರಬಹುದು, ನೋಡಿಸಿ. ಟರ್ಮಿನಲ್ ಬಿಗಿ ಇದೆಯಾ, ಬಿಳಿ ಪುಡಿ ಕಟ್ಟಿದೆಯಾ ಅಂತಲೂ ನೋಡಿ.

ಬ್ಯಾಟರಿ ಸರಿ ಇದ್ದರೆ ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್, ಥ್ರಾಟಲ್ ಬಾಡಿ, ಆಮೇಲೆ ಟ್ಯಾಪೆಟ್ (ಇಂಜಿನ್ನಿನ ವಾಲ್ವ್ ತೆರೆಯುವ ಭಾಗ). ಟ್ಯಾಪೆಟ್ ಗ್ಯಾಪ್ ಬಿಗಿಯಾದರೂ ಬೆಳಗಿನ ಸ್ಟಾರ್ಟ್ ಕಷ್ಟವಾಗುತ್ತದೆ. ಅದನ್ನು ಇಂಜಿನ್ ಪೂರ್ತಿ ತಣ್ಣಗಿರುವಾಗಲೇ ಅಳೆಯಬೇಕು. ಬೆಳಿಗ್ಗೆ ಓಡಿಸಿಕೊಂಡು ಹೋಗಿ ಗ್ಯಾರೇಜಿನಲ್ಲಿ ಕೂಡಲೇ ಅಳೆಸಿದರೆ ತಪ್ಪು ಲೆಕ್ಕ ಬರುತ್ತದೆ. ರಾತ್ರಿಯೇ ಬಿಟ್ಟು ಬನ್ನಿ. ಒಣ ಧೂಳಿನ ರಸ್ತೆಯಲ್ಲಿ ಓಡಿದ ಪೇಪರ್ ಏರ್ ಫಿಲ್ಟರನ್ನು ತೊಳೆಯಬೇಡಿ, ಬದಲಿಸಿ.

ಸ್ಟಾರ್ಟ್ ಮಾಡುವ ರೀತಿಯೂ ಮುಖ್ಯ. ಕೀ ತಿರುಗಿಸಿ, ಪೆಟ್ರೋಲ್ ಪಂಪಿನ ಸಣ್ಣ ಸದ್ದು ನಿಲ್ಲುವವರೆಗೆ ಕಾಯಿರಿ. ಕ್ಲಚ್ ಹಿಡಿಯಿರಿ. ಎಕ್ಸಿಲೇಟರ್ ಮುಟ್ಟದೆ ಸೆಲ್ಫ್ ಒತ್ತಿ. ಐದು ಸೆಕೆಂಡಿಗಿಂತ ಜಾಸ್ತಿ ಒತ್ತಬೇಡಿ. ಆಗದಿದ್ದರೆ ಅರ್ಧ ನಿಮಿಷ ಬಿಟ್ಟು ಮತ್ತೆ ಒತ್ತಿ.

ಹತ್ತು ನಿಮಿಷ ನಿಲ್ಲಿಸಿ ಬಿಸಿ ಮಾಡುವುದು ಬೇಡವೇ ಬೇಡ. ಅರ್ಧ ನಿಮಿಷ, ಹೆಚ್ಚೆಂದರೆ ಒಂದು ನಿಮಿಷ. ತಣ್ಣನೆ ಇಂಜಿನ್ನಿಗೆ ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಜಾಸ್ತಿ ಪೆಟ್ರೋಲ್ ಕೊಡುತ್ತದೆ. ನಿಂತಲ್ಲೇ ಓಡಿಸುತ್ತಿದ್ದರೆ ಆ ಪೆಟ್ರೋಲ್ ಸಿಲಿಂಡರಿನ ಗೋಡೆಯ ಆಯಿಲನ್ನು ತೊಳೆದು ಕೆಳಗಿಳಿದು ಆಯಿಲಿಗೇ ಸೇರುತ್ತದೆ. ಮೆಲ್ಲಗೆ ಓಡಿಸುತ್ತಲೇ ಬಿಸಿ ಮಾಡಿ. ಮೊದಲ ಎಂಟು ಹತ್ತು ಕಿ.ಮೀ. ಜೋರಾಗಿ ಎಳೆಯಬೇಡಿ. ಆಗ ಇಂಜಿನ್ ಜೊತೆ ಟಯರೂ, ಶಾಕ್ ಅಬ್ಸಾರ್ಬರಿನ ಆಯಿಲೂ ಬೆಚ್ಚಗಾಗುತ್ತವೆ.

ಟಯರಿನ ಗಾಳಿ ಇಳಿಸಬೇಡಿ. ಚಳಿಗೆ ಅದು ತಾನೇ ಇಳಿದಿರುತ್ತದೆ. ಮಧ್ಯಾಹ್ನ 30 ಡಿಗ್ರಿಯಲ್ಲಿ 32 ಪಿಎಸ್‌ಐ ಹಾಕಿಸಿದರೆ ಮರುದಿನ ಬೆಳಿಗ್ಗೆ 10 ಡಿಗ್ರಿಯಲ್ಲಿ ಅದು 29 ಸುಮಾರಿಗೆ ಬಂದಿರುತ್ತದೆ. ಅದರ ಮೇಲೆ ನೀವೂ ಇಳಿಸಿದರೆ ಇಬ್ಬರ ಭಾರಕ್ಕೆ ಟಯರ್ ಕುಸಿಯುತ್ತದೆ, ಗುಂಡಿಯಲ್ಲಿ ರಿಮ್ಮಿಗೆ ಪೆಟ್ಟು ಬೀಳುತ್ತದೆ. ಕಂಪನಿ ಇಬ್ಬರ ಸವಾರಿಗೆ ಹೇಳಿದ ಅಂಕಿಯನ್ನೇ ಬೆಳಿಗ್ಗೆ, ಓಡಿಸುವ ಮುಂಚೆ ಹಾಕಿ. ಒಂದು ಸಣ್ಣ ಗೇಜು, ಕಾಲಲ್ಲಿ ತುಳಿಯುವ ಪಂಪು ಮನೆಯಲ್ಲಿರಲಿ. ಗ್ರಿಪ್ ಬೇಕೆಂದರೆ ನೋಡಬೇಕಾದದ್ದು ಟಯರಿನ ವಯಸ್ಸು. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಗಾಡಿ ಜೊತೆ ಬಂದ ಟಯರೇ ಇನ್ನೂ ಇದ್ದರೆ, ಹಲ್ಲು ಚೆನ್ನಾಗಿ ಕಂಡರೂ ರಬ್ಬರು ಗಟ್ಟಿಯಾಗಿರುತ್ತದೆ. ಚಳಿಯಲ್ಲಿ ಅದು ಇನ್ನೂ ಗಟ್ಟಿ. ಬದಲಿಸಿ. ನಿಮ್ಮದು ಟ್ಯೂಬ್ ಟಯರ್, ಜಾಲಿಮುಳ್ಳಿನ ಊರು. ಮುಂದೆ 21 ಇಂಚು, ಹಿಂದೆ 17 ಇಂಚು. ಎರಡರ ಟ್ಯೂಬೂ ಬ್ಯಾಗಿನಲ್ಲಿರಲಿ. 21ರ ಟ್ಯೂಬು ಹಳ್ಳಿಯ ಪಂಕ್ಚರ್ ಅಂಗಡಿಯಲ್ಲಿ ಸಿಗುವುದಿಲ್ಲ.

ಚೈನನ್ನು ಸೀಮೆಎಣ್ಣೆ ಅಥವಾ ಚೈನ್ ಕ್ಲೀನರಿನಿಂದ ಮೆತ್ತನೆ ಬ್ರಷ್ ಹಿಡಿದು ತೊಳೆಯಿರಿ. ಪೆಟ್ರೋಲ್, ತಂತಿ ಬ್ರಷ್ ಬೇಡ, ಒಳಗಿನ ರಬ್ಬರ್ ರಿಂಗ್ ಹಾಳಾಗುತ್ತವೆ. ಲ್ಯೂಬ್ ಹಾಕಬೇಕಾದದ್ದು ಸವಾರಿ ಮುಗಿಸಿ ಬಂದ ಮೇಲೆ, ಚೈನ್ ಬೆಚ್ಚಗಿರುವಾಗ. ಬೆಳಿಗ್ಗೆ ಹೊರಡುವ ಮುಂಚೆ ಹಾಕಿದರೆ ಅದು ಇಂಗುವುದಿಲ್ಲ, ಕಬ್ಬಿನ ಗಾಡಿಗಳೆಬ್ಬಿಸಿದ ಧೂಳನ್ನೆಲ್ಲ ಹಿಡಿದು ಉಜ್ಜುವ ಪೇಸ್ಟ್ ಆಗುತ್ತದೆ. ಹೆಚ್ಚಾದ ಲ್ಯೂಬನ್ನು ಬಟ್ಟೆಯಿಂದ ಒರೆಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ನಿಮ್ಮ ಗಾಡಿಯಲ್ಲಿ ಯಾವಾಗ ಬದಲಿಸಿದ್ದರೆಂದು ಗೊತ್ತಿಲ್ಲದಿದ್ದರೆ ಈಗಲೇ ಮಾಡಿಸಿ. ಘಾಟ್ ಇಳಿಯುವಾಗ ಅದರ ಬೆಲೆ ತಿಳಿಯುತ್ತದೆ.

ಮಹಾಬಳೇಶ್ವರ ಸಮುದ್ರಮಟ್ಟದಿಂದ 1,350 ಮೀಟರ್ ಸುಮಾರು ಎತ್ತರ. ಘಾಟಿನ ನೆರಳಿನ ತಿರುವುಗಳಲ್ಲಿ ಇಬ್ಬನಿಯ ಪಸೆ ಬಿಸಿಲೇರಿದರೂ ಆರುವುದಿಲ್ಲ. ಬಿಸಿಲಿನಿಂದ ನೆರಳಿಗೆ ನುಗ್ಗುವ ಮುಂಚೆಯೇ ವೇಗ ಇಳಿಸಿ. ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯಿರಿ. ವರ್ಷದ ಕೊನೆ, ಸ್ಟ್ರಾಬೆರಿ ಹಂಗಾಮು ಬೇರೆ, ಗಾಡಿಗಳು ಜಾಸ್ತಿ. ವೆಣ್ಣಾ ಕೆರೆಯ ತಗ್ಗಿನಲ್ಲಿ ಕೆಲವು ದಿನ ನಸುಕಿನ ಇಬ್ಬನಿ ಹೆಪ್ಪುಗಟ್ಟುತ್ತದೆ. ಜೀಪಿನ ಮೇಲೆ, ಸ್ಟ್ರಾಬೆರಿ ಎಲೆಗಳ ಮೇಲೆ ಬಿಳಿ ಪದರ ಕಾಣಲು ಜನ ಹೋಗುತ್ತಾರೆ. ನೋಡಬೇಕೆಂದರೆ ನಡೆದು ಹೋಗಿ ನೋಡಿ, ಬೈಕ್ ತೆಗೆಯಬೇಡಿ. ರಾತ್ರಿ ಬಯಲಲ್ಲಿ ನಿಂತ ಬೈಕಿನ ಬ್ರೇಕ್ ಡಿಸ್ಕ್ ಒದ್ದೆಯಾಗಿರುತ್ತದೆ, ಮೊದಲ ಸಲ ಹಿಡಿಯುವುದಿಲ್ಲ. ಹೊರಟ ಕೂಡಲೇ ಮೆಲ್ಲಗೆ ಎರಡು ಮೂರು ಸಲ ಒತ್ತಿ ಒಣಗಿಸಿಕೊಳ್ಳಿ. ವೈಸರ್ ಮೇಲೆ ಮಂಜು ಕಟ್ಟಿದ್ದರೆ ಬಿಸಿನೀರು ಸುರಿಯಬೇಡಿ, ಬಿರುಕು ಬಿಡುತ್ತದೆ.

ಕೊನೆಯದಾಗಿ, ಕಟಾವಿನ ಕಾಲದಲ್ಲಿ ನಿಲ್ಲುವ ಬೈಕ್. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಡುವ ಅಭ್ಯಾಸ ಎಲ್ಲರಿಗೂ ಇದೆ. ಅದರಿಂದ ಹಾನಿಯೇ ಜಾಸ್ತಿ. ಸೆಲ್ಫ್ ತಿಂದ ಕರೆಂಟು ಅಷ್ಟರಲ್ಲಿ ಬ್ಯಾಟರಿಗೆ ವಾಪಸ್ ಹೋಗಿರುವುದಿಲ್ಲ. ಇಂಜಿನ್ನಿನ ಒಳಗೆ ಹುಟ್ಟಿದ ನೀರಾವಿ ಹೊರಹೋಗುವಷ್ಟು ಬಿಸಿಯೂ ಆಗಿರುವುದಿಲ್ಲ. ಆಯಿಲ್ ಮುಚ್ಚಳದ ಒಳಗೆ ಕೆನೆಯಂಥ ಬಿಳಿ ಪದರ ಕಂಡರೆ ಅದೇ ಕಾರಣ. ಓಡಿಸುವುದಾದರೆ ಅರ್ಧ ಗಂಟೆ ಓಡಿಸಿ. ಆಗದಿದ್ದರೆ ಮುಟ್ಟಲೇಬೇಡಿ.

ನಿಲ್ಲಿಸುವ ಮುಂಚೆ ಟ್ಯಾಂಕ್ ಪೂರ್ತಿ ತುಂಬಿಸಿ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲಿನವರೆಗೆ ಎಥೆನಾಲ್ ಇರುತ್ತದೆ. ನಿಮ್ಮೂರ ಸುತ್ತಿನ ಕಾರ್ಖಾನೆಗಳ ಕಬ್ಬೇ ಅದಾಗಿ ಬರುತ್ತದೆ. ಎಥೆನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಟ್ಯಾಂಕ್ ಅರ್ಧ ಖಾಲಿ ಇದ್ದರೆ ಒಳಗೆ ಗಾಳಿ ಜಾಸ್ತಿ, ತೇವ ಜಾಸ್ತಿ, ತುಕ್ಕು ಜಾಸ್ತಿ. 2023ರ ಏಪ್ರಿಲ್‌ಗೆ ಮುಂಚಿನ ಬೈಕುಗಳು ಸಾಮಾನ್ಯವಾಗಿ ಇಷ್ಟು ಎಥೆನಾಲ್‌ಗೆ ಅಂತ ತಯಾರಾದವಲ್ಲ. ಹಾಗಾಗಿ ಪೆಟ್ರೋಲ್ ಪೈಪು ಗಟ್ಟಿಯಾಗಿದೆಯಾ, ಸೀಳಿದೆಯಾ ಅಂತ ಪ್ರತಿ ಸರ್ವಿಸಿನಲ್ಲಿ ನೋಡಿಸಿ.

ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದು ದ್ರಾಕ್ಷಿ ಬೆಳೆಗಾರರಿಗೆ ದೊಡ್ಡ ವಿಷಯ. ಗೊಬ್ಬರದ ಚೀಲ, ಮೈಲುತುತ್ತ, ಗಂಧಕದ ಪುಡಿ ಇಟ್ಟ ಶೆಡ್ಡಿನಲ್ಲಿ ನಿಲ್ಲಿಸಬೇಡಿ. ಗೊಬ್ಬರದ ಉಪ್ಪು ರಾತ್ರಿಯ ತೇವ ಹೀರಿ ಕಬ್ಬಿಣವನ್ನು ತಿನ್ನುತ್ತದೆ. ಮೈಲುತುತ್ತದ ದ್ರಾವಣ ಕಬ್ಬಿಣ, ಅಲ್ಯೂಮಿನಿಯಂ ಎರಡಕ್ಕೂ ಶತ್ರು. ಸ್ಪ್ರೇ ಮಾಡಿ ಬಂದ ಕೈಯಲ್ಲಿ ಹ್ಯಾಂಡಲ್ ಹಿಡಿದಿದ್ದರೆ ನೀರಿನಿಂದ ಒರೆಸಿ. ಒಣದ್ರಾಕ್ಷಿ ಶೆಡ್ಡಿನಲ್ಲಿ ಇಲಿ ಇದ್ದೇ ಇರುತ್ತವೆ, ವೈರ್ ಕಡಿಯುತ್ತವೆ. ಮನೆಯ ಪಡಸಾಲೆಯೇ ಒಳ್ಳೆಯದು.

ಬೈಕನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಚೈನ್ ತೊಳೆದು ಲ್ಯೂಬ್ ಹಾಕಿ. ಬ್ಯಾಟರಿಯ ನೆಗೆಟಿವ್ ವೈರನ್ನು ಮೊದಲು ಬಿಚ್ಚಿ, ಆಮೇಲೆ ಪಾಸಿಟಿವ್. ಜೋಡಿಸುವಾಗ ಪಾಸಿಟಿವ್ ಮೊದಲು. ತಿಂಗಳಿಗೊಮ್ಮೆ ಮೀಟರ್ ಹಿಡಿದು ನೋಡಿ, 12.4ಕ್ಕೆ ಬಂದರೆ ಬೈಕ್ ಬ್ಯಾಟರಿಯ ಸಣ್ಣ ಚಾರ್ಜರಿನಿಂದಲೇ ಚಾರ್ಜ್ ಮಾಡಿ. ಟ್ರ್ಯಾಕ್ಟರ್ ಬ್ಯಾಟರಿಯ ದೊಡ್ಡ ಚಾರ್ಜರ್ ಹಚ್ಚಬೇಡಿ, ಒಳಗೆ ಕಾದು ಊದಿಕೊಳ್ಳುತ್ತದೆ. ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ತೇವ ಒಳಗೇ ಉಳಿಯುತ್ತದೆ, ಹಳೆಯ ಹತ್ತಿ ಸೀರೆ ಸಾಕು. ಕಟಾವು ಮುಗಿದು ಮತ್ತೆ ತೆಗೆಯುವ ದಿನ ಗಾಳಿ ತುಂಬಿಸಿ, ಏರ್ ಫಿಲ್ಟರಿನ ಡಬ್ಬ ಬಿಚ್ಚಿ ಇಲಿ ಗೂಡು ಕಟ್ಟಿಲ್ಲ ಅಂತ ನೋಡಿಕೊಂಡು, ಊರೊಳಗೇ ಒಂದು ಸುತ್ತು ಬ್ರೇಕ್ ಪರೀಕ್ಷೆ ಮಾಡಿ ಆಮೇಲೆ ದೊಡ್ಡ ರಸ್ತೆಗೆ ಹೋಗಿ.